ದತ್ತಾಂಶತಾರತಮ್ಯಮೀಮಾಂಸೆ

ಸಕಲ ಸಂಸ್ಥೆಗಳೂ ದತ್ತಾಂಶದಿಂದ ಹುಟ್ಟುತ್ತವೆ, ಹುಟ್ಟಿದವು ದತ್ತಾಂಶದಿಂದಲೇ ಜೀವಿಸುತ್ತವೆ, ಕಡೆಗೆ ಲೆಕ್ಕಪರಿಶೋಧಕರು ಬಾಗಿಲಿಗೆ ಬಂದ ದಿನ ದತ್ತಾಂಶದಲ್ಲಿಯೇ ಲೀನವಾಗುತ್ತವೆ ಎಂಬುದು ಈ ಕಾಲದ ವಿದ್ವಾಂಸರೆಲ್ಲರೂ ಒಪ್ಪಿರುವ ಮತವಾದ್ದರಿಂದ, ಅಂಥ ದತ್ತಾಂಶದಲ್ಲಿ ಯಾವುದನ್ನು ಕಾಪಾಡತಕ್ಕದ್ದು, ಯಾವುದನ್ನು ತಿದ್ದತಕ್ಕದ್ದು, ಯಾವುದನ್ನು ಕೊಳೆಯಲು ಬಿಡತಕ್ಕದ್ದು ಎಂಬ ಜಿಜ್ಞಾಸೆಯನ್ನು ಈಗ ಆರಂಭಿಸುತ್ತೇವೆ. ಶಾಸ್ತ್ರವೆಂದ ಮೇಲೆ ಅನುಬಂಧಚತುಷ್ಟಯವನ್ನು ಮೊದಲಿಗೆ ಹೇಳುವುದು ಸಂಪ್ರದಾಯ. ವಿಷಯವು, ವ್ಯವಹಾರಮೌಲ್ಯಾನುಸಾರಿಯಾದ ದತ್ತಾಂಶಗುಣನಿರ್ವಹಣೆ. ಪ್ರಯೋಜನವು, ಕೇಳುವವನಿಗೆ ಇರಲಿ ಇಲ್ಲದಿರಲಿ, ಬೋಧಿಸುವವನಿಗೆ ದಿನವೊಂದಕ್ಕೆ ಇಷ್ಟೆಂದು ಗೊತ್ತುಮಾಡಿಕೊಂಡ ಸಂಭಾವನೆ. ಸಂಬಂಧವು, ಈ ವಿಷಯಕ್ಕೂ ಆ ಪ್ರಯೋಜನಕ್ಕೂ ಇರತಕ್ಕ ಅವಿನಾಭಾವ. ಇನ್ನು ಅಧಿಕಾರಿ ಯಾರೆಂದರೆ: ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಇವುಗಳಲ್ಲಿ ಎಲ್ಲಿಯಾದರೊಂದು ಕಡೆ ಹೊಸ ನಂಬರನ್ನೂ ಹಳೆಯ ನಂಬರನ್ನೂ ಉಳ್ಳ ಮನೆಯಲ್ಲಿ ವಾಸವಾಗಿದ್ದು, ಆಧಾರ್, ಪ್ಯಾನ್, ಖಾತಾ, ಕರೆಂಟ್ ಬಿಲ್ ಎಂಬ ಸಾಧನಚತುಷ್ಟಯದಿಂದ ಸಂಪನ್ನನಾಗಿ, ಆ ನಾಲ್ಕರಲ್ಲಿಯೂ ತನ್ನ ಹೆಸರು ನಾಲ್ಕು ತೆರನಾಗಿ ಮುದ್ರಿತವಾಗಿರುವುದನ್ನು ಕಂಡು ಇಹಪರಗಳೆರಡರಲ್ಲಿಯೂ ವೈರಾಗ್ಯವನ್ನು ತಾಳಿದವನೇ ಈ ಶಾಸ್ತ್ರಕ್ಕೆ ಅಧಿಕಾರಿ.

ಈ ಮೀಮಾಂಸೆಗೆ ನಿಮಿತ್ತವಾದದ್ದು ಜೆ.ಪಿ. ನಗರದ ಒಂದು ಕಚೇರಿಯ ಸಭಾಂಗಣದಲ್ಲಿ, ಹೊರಗಿನ ಬಿಸಿಲೂ ರಸ್ತೆಯ ಹಾರನ್ನೂ ಒಳಗೆ ಸುಳಿಯದಂತೆ ಗಾಜು ಬಿಗಿದುಕೊಂಡು ನಡೆದ ಒಂದು ಶಿಬಿರ. ಉಪದೇಶಕರು ವಿಮಾನದಲ್ಲಿ ಬಂದವರು. ಅವರ ಪರಿಭಾಷೆಯನ್ನು ಕನ್ನಡಿಸಿ ಹೇಳುವುದಾದರೆ, ಪ್ರತಿಯೊಂದು ಸಂಸ್ಥೆಯಲ್ಲಿಯೂ ಒಂದು ಸುವರ್ಣದಾಖಲೆ ಇರತಕ್ಕದ್ದು. ಅದಕ್ಕೆ ಏಕಮೇವಾದ್ವಿತೀಯವಾದ ಸತ್ಯಮೂಲವೊಂದು ಇರತಕ್ಕದ್ದು. ಆ ಮೂಲವನ್ನು ಕಾಯಲು ದತ್ತಾಂಶಪಾಲಕರೆಂಬ ದ್ವಾರಪಾಲಕರಿರತಕ್ಕದ್ದು. ಸಂಸ್ಥೆಯು ಪಂಚಸೋಪಾನಗಳ ಪಕ್ವತಾಮಾರ್ಗದಲ್ಲಿ ಮೇಲಕ್ಕೆ ಏರತಕ್ಕದ್ದು. ಇಷ್ಟೆಲ್ಲವನ್ನೂ ನಾನು ಕಾಫಿಯ ಬಲದಿಂದ ಸಹಿಸಿಕೊಂಡಿದ್ದೆನಷ್ಟೆ. ಆದರೆ ಮಧ್ಯಾಹ್ನದ ಊಟವಾದ ಮೇಲೆ ಅವರು ಪರದೆಯ ಮೇಲೆ ಒಂದು ಚೌಕವನ್ನು ಬರೆದು, ಅದನ್ನು ನಾಲ್ಕು ಮನೆಗಳಾಗಿ ಸೀಳಿ, ತಿದ್ದಿದರೆ ಹೆಚ್ಚು ಲಾಭ ಬರುವ ದತ್ತಾಂಶವನ್ನು ಮೇಲಿನ ಮನೆಗಳಲ್ಲಿಟ್ಟು, ತಿದ್ದಲು ಖರ್ಚು ಹೆಚ್ಚಾಗಿಯೂ ಲಾಭ ಕಡಿಮೆಯಾಗಿಯೂ ಇರುವುದನ್ನು ಕೆಳಗಿನ ಎಡಮನೆಗೆ ದೂಡಿ, ಆ ಮನೆಯ ಮೇಲೆ ನಸುಬೂದಿ ಬಣ್ಣವನ್ನು ಬಳಿದು, ಇದರ ಬಗ್ಗೆ ಚಿಂತಿಸತಕ್ಕದ್ದಿಲ್ಲ ಎಂದು ಸಾರಿದರು. ಶಿಷ್ಯವರ್ಗವು ತಲೆದೂಗಿತು. ಆ ಬೂದಿ ಬಣ್ಣದ ಮನೆಯಲ್ಲಿ ಯಾರಿದ್ದಾರೆಂದು ಮಾತ್ರ ಯಾರೂ ಕೇಳಲಿಲ್ಲ. ಕೇಳದೆ ಉಳಿದ ಆ ಪ್ರಶ್ನೆಯೇ ಈ ಪ್ರಬಂಧ.

ಮೊದಲು ಪೂರ್ವಾಚಾರ್ಯರ ಸ್ಮರಣೆ. ಅಮೆರಿಕದಲ್ಲಿ 1996ರಲ್ಲಿ ರಿಚರ್ಡ್ ವಾಂಗ್ ಮತ್ತು ಡಯಾನ್ ಸ್ಟ್ರಾಂಗ್ ಎಂಬ ಇಬ್ಬರು ವಿದ್ವಾಂಸರು, ದತ್ತಾಂಶವನ್ನು ಬಳಸುವವರನ್ನೇ ಕೇಳಿ ಅದಕ್ಕಿರಬೇಕಾದ ಗುಣಗಳನ್ನು ಪಟ್ಟಿಮಾಡಿದಾಗ 179 ಲಕ್ಷಣಗಳು ದೊರೆತವು; ಅವನ್ನು ಕುಟ್ಟಿ ಸೋಸಿ ಅವರು 15ಕ್ಕೆ ಇಳಿಸಿದರು. ಗುಣಗಳನ್ನು ನಿರ್ಧರಿಸತಕ್ಕವನು ದತ್ತಾಂಶವನ್ನು ಇಟ್ಟುಕೊಂಡವನಲ್ಲ, ಅದನ್ನು ಉಪಯೋಗಿಸತಕ್ಕವನು ಎಂಬ ಅವರ ಮಾತು ಒಳ್ಳೆಯದೇ ಆಗಿತ್ತು. ಒಳ್ಳೆಯ ಮಾತಿಗೆ ಶಿಷ್ಯರ ಕೈಯಲ್ಲಿ ಆಗತಕ್ಕ ಗತಿ ಅದಕ್ಕೂ ಆಯಿತು. ಬ್ರಿಟನ್ನಿನ ಡಾಮಾ ಎಂಬ ದತ್ತಾಂಶನಿರ್ವಾಹಕರ ಸಂಘದವರು 2013ರಲ್ಲಿ ಈ ಹದಿನೈದನ್ನೂ ಜೀರ್ಣಿಸಿಕೊಳ್ಳಲಾರದವರಿಗಾಗಿ ಮುಖ್ಯವಾದ ಆರನ್ನು ಎತ್ತಿ ಹೇಳಿದರು: ಪೂರ್ಣತ್ವ, ಅನನ್ಯತ್ವ, ಸಾಮಯಿಕತ್ವ, ಸಿಂಧುತ್ವ, ಯಾಥಾರ್ಥ್ಯ, ಸುಸಂಗತತ್ವ. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಪ್ರಮಾಣಗಳೂ ಆರೇ ಆಗಿರುವುದನ್ನು ವಿವೇಕಿಗಳು ಆಕಸ್ಮಿಕವೆಂದು ತಿಳಿಯರು. ಆದ್ದರಿಂದ ಈ ಆರು ಗುಣಗಳನ್ನು ಒಂದೊಂದಾಗಿ, ದಕ್ಷಿಣ ಬೆಂಗಳೂರಿನ ಉದಾಹರಣೆಗಳೊಡನೆ, ಲಕ್ಷಣ, ಪರೀಕ್ಷೆ, ನಿರ್ಣಯ ಎಂಬ ಕ್ರಮದಲ್ಲಿ ನಿರೂಪಿಸುತ್ತೇವೆ.

ಪೂರ್ಣತ್ವವೆಂದರೆ ತುಂಬಬೇಕಾದ ಕಾಲಂಗಳೆಲ್ಲವೂ ತುಂಬಿರುವಿಕೆ. ಕೆಂಪು ನಕ್ಷತ್ರದ ಗುರುತುಳ್ಳ ಕಾಲಂ ಬರಿದಾಗಿದ್ದರೆ ಅರ್ಜಿಯು ಮುಂದಕ್ಕೆ ಸರಿಯಲಾರದು. ಈ ನಕ್ಷತ್ರಗಳಲ್ಲಿ ಅತ್ಯಂತ ಕ್ರೂರವಾದದ್ದು ಲಾಸ್ಟ್ ನೇಮ್ ಎಂಬ ಕಾಲಮ್ಮಿನ ಮೇಲಿರತಕ್ಕದ್ದು. ಹಳೆಯ ಮೈಸೂರು ಸೀಮೆಯವನ ಹೆಸರಿಗೆ ಹಿಂದೊಂದು ಬಾಲವಿಲ್ಲ. ಮುಂದೆ ಊರಿನದೊಂದು ತಂದೆಯದೊಂದು ಎಂದು ಎರಡು ಇನಿಷಿಯಲ್ಲುಗಳಿವೆ. ಅವನು ಆ ಕಾಲಮ್ಮಿನಲ್ಲಿ ಮೊದಲು ಒಂದು ಚುಕ್ಕೆಯನ್ನಿಟ್ಟು ನೋಡುತ್ತಾನೆ. ಒಂದು ಯಂತ್ರವು ಚುಕ್ಕೆಯನ್ನು ವಂಶನಾಮವೆಂದು ಸ್ವೀಕರಿಸುತ್ತದೆ, ಇನ್ನೊಂದು ತಿರಸ್ಕರಿಸುತ್ತದೆ. ತಿರಸ್ಕೃತನಾದವನು ಇನಿಷಿಯಲ್ಲನ್ನು ಬರೆದರೆ, ಒಂದಕ್ಷರದ ಹೆಸರು ಹೆಸರಲ್ಲವೆಂಬ ಉತ್ತರ ಬರುತ್ತದೆ. ಆಗ ತಂದೆಯ ಹೆಸರನ್ನು ಬರೆಯುತ್ತಾನೆ. ಅವನ ಮಗಳು ತನ್ನ ಅರ್ಜಿಯಲ್ಲಿ ಇವನ ಹೆಸರನ್ನು ಬರೆಯುತ್ತಾಳೆ, ಹೆಂಡತಿಯು ಮದುವೆಗೆ ಮುಂಚಿನ ಪಾಸ್‌ಬುಕ್ಕಿನಲ್ಲಿರುವಂತೆ ತನ್ನ ತಂದೆಯದನ್ನು ಬರೆಯುತ್ತಾಳೆ, ಹೀಗೆ ಒಂದೇ ಒಲೆಯ ಅನ್ನವನ್ನು ಉಣ್ಣುವ ಮೂವರು ಮೂರು ವಂಶಗಳಾಗಿ ಯಂತ್ರದಲ್ಲಿ ನೆಲೆಗೊಳ್ಳುತ್ತಾರೆ. ಪೂರ್ಣತ್ವವು ನೂರಕ್ಕೆ ನೂರು. ಉಪದೇಶಕರ ಫಲಕದ ಮೇಲೆ ಹಸಿರು ದೀಪವು ಬೆಳಗುತ್ತದೆ. ಇನ್ನು ಲಕ್ಷ್ಮಿಯೆಂಬ ಹೆಸರಿನವಳ ಪಾಡು ಕೇಳುವುದೇ ಬೇಡ: ರೋಮನ್ ಲಿಪಿಯಲ್ಲಿ ಒಬ್ಬ ಗುಮಾಸ್ತನು ಆಕೆಯನ್ನು ಕೆ-ಎಸ್-ಎಚ್ ಎಂದು ಬರೆಯುತ್ತಾನೆ, ಇನ್ನೊಬ್ಬನು ಎಕ್ಸ್ ಎಂದು ಮುಗಿಸುತ್ತಾನೆ, ಬ್ಯಾಂಕಿನವರು ಈ ಇಬ್ಬರೂ ಒಬ್ಬಳೇ ಎಂಬುದಕ್ಕೆ ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ ತರಹೇಳುತ್ತಾರೆ.

ಅನನ್ಯತ್ವವೆಂದರೆ ಒಂದು ವಸ್ತುವಿಗೆ ಒಂದೇ ಗುರುತು. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿದ್ದಾಗ ನಿವೇಶನಗಳಿಗೆ ನಂಬರು ಕೊಟ್ಟದ್ದು 1945ರಲ್ಲಿ ಸ್ಥಾಪಿತವಾಗಿದ್ದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು. 1976ರ ಕಾಯಿದೆಯಿಂದ ಆ ಬೋರ್ಡಿನ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ನಿವೇಶನದ ನಂಬರು ಒಂದಾದರೆ, ಅದರ ಮೇಲೆ ಮನೆ ಎದ್ದಾಗ ಕಾರ್ಪೊರೇಷನ್ನಿನವರು ಕೊಟ್ಟ ಬಾಗಿಲ ನಂಬರು ಬೇರೊಂದು. ಕಾಲಾನಂತರ ಅದು ಹಳೆಯ ನಂಬರಾಗಿ ಹೊಸ ನಂಬರು ಹುಟ್ಟಿತು. ತೆರಿಗೆಗೆಂದು ಪಿಐಡಿ ಸಂಖ್ಯೆ ಸೇರಿತು. ಕರೆಂಟಿಗೆ ಒಂದು ಆರ್‌ಆರ್ ನಂಬರು, ನೀರಿಗೆ ಮತ್ತೊಂದು. ವಾರ್ಡಿನ ಮಾತನ್ನಂತೂ ಎತ್ತಲಾಗದು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದ ಮೇಲೆ ವಾರ್ಡುಗಳು 198 ಆದವು. ಮುಂದೆ ಕಾಗದದ ಮೇಲೆ 243 ಆಗಿ, ಚುನಾವಣೆಯನ್ನೇ ಕಾಣದೆ 225ಕ್ಕೆ ಇಳಿದವು. 2025ರಲ್ಲಿ ಪಾಲಿಕೆಯೇ ಐದು ಪಾಲಿಕೆಗಳಾಗಿ ಸೀಳಿತು. ಈ ಅವತಾರಗಳ ನಡುವೆ ಮನೆಯು ತನ್ನ ಹೊಸ್ತಿಲು, ತನ್ನ ತೆಂಗಿನ ಮರ, ತನ್ನ ಎದುರಿನ ಮೋರಿಯೊಡನೆ ಇದ್ದಲ್ಲಿಯೇ ಇದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಬಿ.ಟಿ.ಎಂ. ಎಂಬ ಮೂರಕ್ಷರಗಳಿಗೆ ಒತ್ತಿ ಕೂರಿಸಿದ ನಗರಕ್ಕೆ, ಒಂದು ಮನೆಗೆ ಒಂದೇ ಹೆಸರಿಡುವ ಸಂಯಮ ಬಾರದೆ ಹೋದದ್ದು ಸೋಜಿಗ. ಊಟ ತರುವ ಹುಡುಗನು ಈ ನಂಬರುಗಳಲ್ಲಿ ಒಂದನ್ನೂ ನಂಬದೆ, ಗೇಟಿನ ಮುಂದೆ ನಿಂತು ಫೋನು ಮಾಡಿ, “ಸಾರ್, ಯಾವ ದೇವಸ್ಥಾನದ ಹತ್ರ ಬರುತ್ತೆ?” ಎಂದು ಕೇಳುತ್ತಾನೆ. ಏಕಮೇವಾದ್ವಿತೀಯವಾದ ಸತ್ಯಮೂಲವೆಂದರೆ ಅದು.

ಸಾಮಯಿಕತ್ವವೆಂದರೆ ದತ್ತಾಂಶವು ಕಾಲಕ್ಕೆ ಹೊಂದಿಕೊಂಡಿರುವಿಕೆ. 2023ರಲ್ಲಿ ರಾಜ್ಯ ಸರ್ಕಾರವು ಗೃಹಜ್ಯೋತಿ ಯೋಜನೆಯನ್ನು ತಂದು, 200 ಯೂನಿಟ್ಟುಗಳ ಮಿತಿಯೊಳಗೆ ಮನೆಯ ಕರೆಂಟನ್ನು ಬಿಟ್ಟಿಯಾಗಿ ಕೊಡುವುದಕ್ಕಾಗಿ ಮೀಟರಿನ ಅಕೌಂಟ್ ಐಡಿಗೂ ವಾಸವಾಗಿರುವವನ ಆಧಾರ್ ಸಂಖ್ಯೆಗೂ ಗಂಟುಹಾಕಿಸಿದಾಗ, ಬಾಡಿಗೆದಾರರು ಮಾತ್ರವಲ್ಲದೆ ಮನೆಯೊಡೆಯರೂ ತಮ್ಮ ಬಿಲ್ಲನ್ನು ಬಹುಕಾಲದ ಮೇಲೆ ಮೊದಲ ಬಾರಿಗೆ ಓದಿದರು. ಓದಿ ನೋಡಿದರೆ, ಎಷ್ಟೋ ಬಿಲ್ಲುಗಳು ಸತ್ತು ಸ್ವರ್ಗಸ್ಥರಾದ ತಾತಂದಿರ ಹೆಸರಿಗೂ, ಮನೆಯನ್ನು ಮಾರಿ ಊರು ಬಿಟ್ಟವರ ಹೆಸರಿಗೂ, ಫ್ಲ್ಯಾಟು ಕಟ್ಟಿ ಕೈತೊಳೆದುಕೊಂಡ ಬಿಲ್ಡರುಗಳ ಹೆಸರಿಗೂ ಬರುತ್ತಿದ್ದವು. ಬನಶಂಕರಿ ಎರಡನೆಯ ಹಂತದಲ್ಲಿ, ನಮ್ಮ ಬಂಧುಗಳ ಮನೆಯಲ್ಲಿ, ಮೀಟರ್ ಓದಲು ಬಂದವನು ಅಲ್ಲಿದ್ದ ಅಜ್ಜಿಯನ್ನು, “ಅಜ್ಜೀ, ಬಿಲ್ಲು ಇನ್ನೂ ತಾತನ ಹೆಸರಲ್ಲೇ ಇದೆಯಲ್ಲಾ, ಬದಲಾಯಿಸಿಕೊಳ್ಳಬಾರದಾ?” ಎಂದು ಕೇಳಿದ. “ಇರಲಿ ಬಿಡಪ್ಪಾ, ಅವರ ಹೆಸರಿಗೆ ತಿಂಗಳಿಗೊಂದು ಕಾಗದವಾದರೂ ಬರ್ತಾ ಇರಲಿ” ಎಂದರು ಆಕೆ. ಈ ದೋಷಕ್ಕೆ ಇರುವ ಮೌಲ್ಯವನ್ನು ಚೌಕದ ನಾಲ್ಕು ಮನೆಗಳಲ್ಲಿ ಎಲ್ಲಿಡತಕ್ಕದ್ದೆಂದು ಉಪದೇಶಕರೇ ಹೇಳಬೇಕು.

ಆದರೆ ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಆ ಬಿಲ್ಲಿನಲ್ಲಿ ಹೆಸರು ಸುಳ್ಳು, ಯೂನಿಟ್ಟು ಸುಳ್ಳಲ್ಲ. ತಾತನು ತೀರಿಕೊಂಡದ್ದು ಕಂಪನಿಗೆ ತಿಳಿಯದು. ತಾತನ ಕೋಣೆಯ ಫ್ಯಾನು ಈ ತಿಂಗಳು ಎಷ್ಟು ತಿರುಗಿತೆಂಬುದು ತಿಳಿದಿದೆ. 2025ರಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಹೊರಟಾಗ, ರಾಜ್ಯದ ಮನೆಗಳನ್ನೆಲ್ಲ ಗುರುತಿಸುವ ಕೆಲಸವನ್ನು ಕಂದಾಯದವರಿಗೂ ಕೊಡಲಿಲ್ಲ, ಪಾಲಿಕೆಯವರಿಗೂ ಕೊಡಲಿಲ್ಲ; ಮೀಟರ್ ರೀಡರುಗಳಿಂದ ಬಾಗಿಲು ಬಾಗಿಲಿಗೆ ಚೀಟಿಯನ್ನು ಅಂಟಿಸಿದರು. ಏಕೆಂದರೆ ಯಾವ ಮನೆ ಎಲ್ಲಿದೆಯೆಂಬುದನ್ನು ತಪ್ಪದೆ ಬಲ್ಲವನು, ತಿಂಗಳು ತಿಂಗಳೂ ಅದರಿಂದ ಹಣ ಬರಬೇಕಾದವನೊಬ್ಬನೇ. ಒಂದೇ ಕಾಗದದಲ್ಲಿ, ಒಂದೇ ಸಾಲಿನಲ್ಲಿ, ಹಣದ ಕಾಲಂ ಪ್ರಾಣವಿರುವಂತೆ ಮಿಡಿಯುತ್ತಿದ್ದರೆ ಅದರ ಪಕ್ಕದ ಹೆಸರಿನ ಕಾಲಂ ಎಂದೋ ಹೆಣವಾಗಿರುತ್ತದೆ. ಮೌಲ್ಯಾನುಸಾರಿ ಗುಣನಿರ್ವಹಣೆಯನ್ನು ಕಲಿಸಲು ವಿಮಾನದಲ್ಲಿ ಯಾರೂ ಬರಬೇಕಾಗಿರಲಿಲ್ಲ. ನಮ್ಮ ಸಂಸ್ಥೆಗಳು ಅದನ್ನು ಹುಟ್ಟಿನಿಂದಲೇ ಬಲ್ಲವು. ಸಿಂಧುತ್ವ, ಯಾಥಾರ್ಥ್ಯ, ಸುಸಂಗತತ್ವ ಎಂಬ ಉಳಿದ ಮೂರು ಗುಣಗಳು ಇಷ್ಟರಲ್ಲಿಯೇ ಅಂತರ್ಗತವಾದವೆಂದು ತಿಳಿಯತಕ್ಕದ್ದು. ಒಪ್ಪದವರು ತಾವೇ ಬರೆದುಕೊಳ್ಳಲು ಅಡ್ಡಿಯಿಲ್ಲ.

ಇನ್ನು ಪ್ರಕೃತವಾದ ತಾರತಮ್ಯವಿಚಾರ. ಮಧ್ವಸಿದ್ಧಾಂತದಲ್ಲಿ ಜೀವರು ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಆಚಾರ್ಯರು ಇದನ್ನು ಜೀವನ ಸ್ವರೂಪವನ್ನು ನೋಡಿ ಹೇಳಿದರು, ನಮ್ಮ ಉಪದೇಶಕರು ಆದಾಯವನ್ನು ನೋಡಿ ಹೇಳುತ್ತಾರೆ, ವ್ಯತ್ಯಾಸ ಇಷ್ಟೇ. ಮುಕ್ತಿಯೋಗ್ಯವಾದ ದತ್ತಾಂಶಗಳಲ್ಲಿ ಅಗ್ರಗಣ್ಯವಾದದ್ದು ಮೊಬೈಲ್ ನಂಬರು. ಫ್ಲ್ಯಾಟೊಂದನ್ನು ಕೊಂಡು ನೋಂದಣಿಯ ಕಚೇರಿಯಿಂದ ಹೊರಗೆ ಬಂದವನಿಗೆ, ಕೈಬೆರಳಿನ ಶಾಯಿ ಒರಸಿಕೊಳ್ಳುವುದರೊಳಗಾಗಿ, ಅಡಿಗೆಮನೆಯ ಕಪಾಟು ಮಾಡಿಕೊಡುವವರು ಫೋನು ಮಾಡುತ್ತಾರೆ. ಅವರ ಪಟ್ಟಿಯಲ್ಲಿ ಹೆಸರೂ ಸರಿ, ಚದರಡಿಯೂ ಸರಿ, ಬ್ಲಾಕೂ ಸರಿ. ಯಾವ ಕಚೇರಿಯೂ ತಿದ್ದಿಕೊಡದ ಇನಿಷಿಯಲ್ಲನ್ನು ಸಾಲ ಕೊಡಲು ಹಾತೊರೆಯುವ ಹುಡುಗಿಯೊಬ್ಬಳು ಮಧುರವಾದ ದನಿಯಲ್ಲಿ ಬಿಡಿಸಿ ಉಚ್ಚರಿಸುವುದನ್ನು ಕೇಳಿದಾಗ ಕಣ್ಣು ತೇವವಾಗುತ್ತದೆ.

ನಿತ್ಯಸಂಸಾರಿಗಳೆಂದರೆ ತಿದ್ದುಪಡಿಯ ಅರ್ಜಿಗೂ ಅದರ ತಿರಸ್ಕಾರಕ್ಕೂ ನಡುವೆ ಅನಾದಿಯಾಗಿ ತಿರುಗತಕ್ಕ ಹೆಸರು, ತಂದೆಯ ಹೆಸರು, ಬಾಗಿಲ ನಂಬರು. ಇವುಗಳ ಸಂಸಾರವನ್ನು ತಿಳಿಯಲು ಆಸ್ತಿ ತೆರಿಗೆಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಬೆಂಗಳೂರಿನಲ್ಲಿ 2000ದಲ್ಲಿ, ಮನೆಯೊಡೆಯನೇ ತನ್ನ ತೆರಿಗೆಯನ್ನು ಲೆಕ್ಕಹಾಕಿಕೊಂಡು ಕಟ್ಟುವ ಸ್ವಯಂಘೋಷಣೆಯ ಪದ್ಧತಿ ಬಂದಿತು; 2008ರಿಂದ ಚದರಡಿಗೆ ಇಷ್ಟೆಂಬ ದರವೂ, ಎ ಇಂದ ಎಫ್ ವರೆಗಿನ ವಲಯಗಳೂ ಜಾರಿಗೆ ಬಂದವು. ಪದ್ಧತಿಯು ಒಳ್ಳೆಯದೇ. ಲಂಚವನ್ನು ಎಷ್ಟೋ ಕಡಿಮೆಮಾಡಿತು. ಆದರೆ ಹಣ ಕಟ್ಟುವುದಕ್ಕೆ ಅರ್ಜಿಯ ಸಂಖ್ಯೆಯೊಂದಿದ್ದರೆ ಸಾಕಾಗಿದ್ದುದರಿಂದ, ರಸೀತಿಯ ಮೇಲೆ ಮೂರು ಕೈ ಬದಲಾಗುವುದಕ್ಕೆ ಮುಂಚಿನ ಒಡೆಯನ ಹೆಸರಿದ್ದರೂ ಪಾಲಿಕೆಗೆ ಯಾವ ತೊಂದರೆಯೂ ಆಗಲಿಲ್ಲ. ವಲಯವನ್ನು ತಪ್ಪಾಗಿ ಬರೆದು ತೆರಿಗೆ ಕಡಿಮೆ ಕಟ್ಟಿದವರಿಗೆ ಮಾತ್ರ ಎಷ್ಟೋ ವರ್ಷಗಳಾದ ಮೇಲೂ ಬಡ್ಡಿ ಸಹಿತ ನೋಟೀಸು ಹೋಯಿತು. ಎರಡೂ ದತ್ತಾಂಶದೋಷಗಳೇ; ಒಂದು ಪಾಲಿಕೆಯ ಜೇಬಿನದು, ಇನ್ನೊಂದು ಪ್ರಜೆಯ ಹಕ್ಕಿನದು.

ಹೀಗಿರುತ್ತ 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಆಸ್ತಿಯ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. 20 ಲಕ್ಷಕ್ಕೂ ಹೆಚ್ಚು ಆಸ್ತಿಗಳ ಕರಡು ಖಾತಾಗಳನ್ನು ಕಂಪ್ಯೂಟರಿನಲ್ಲಿ ಏರಿಸಿ, ನಿಮ್ಮದನ್ನು ನೀವೇ ಹುಡುಕಿ ತೆಗೆದು ಸರಿಮಾಡಿಕೊಳ್ಳಿ ಎಂದರು. ಉದ್ದೇಶವನ್ನು ನಾನು ಹಳಿಯುವುದಿಲ್ಲ. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ವಿದ್ಯೆ ಈ ಊರಿನಲ್ಲಿ ಎಷ್ಟು ಬೆಳೆದಿತ್ತೆಂಬುದನ್ನು ಬಲ್ಲವರು ಯಾರೂ ಹಳಿಯಲಾರರು. ಆದರೆ ದಶಕಗಳ ಕಾಲ ಬೆಲೆಯಿಲ್ಲವೆಂದು ಕೊಳೆಯಲು ಬಿಟ್ಟ ಹೆಸರಿನ ಕಾಲಂ ಒಂದು ಬೆಳಗ್ಗೆ ಹಠಾತ್ತನೆ ಬೆಲೆಯುಳ್ಳದ್ದಾದಾಗ, ಅದನ್ನು ತೊಳೆಯುವ ಕೂಲಿ ಯಾರ ಪಾಲಿಗೆ ಬಂದಿತು? ಕ್ರಯಪತ್ರ, ಆಧಾರ್, ತೆರಿಗೆಯ ರಸೀತಿ, ಕರೆಂಟಿನ ಅಕೌಂಟ್ ಐಡಿ, ಮನೆಯ ಮುಂಭಾಗದ ಫೋಟೋ ಎಲ್ಲವನ್ನೂ ಹೊಂದಿಸಿಕೊಂಡು, ಜಯನಗರದ ನಿವೃತ್ತ ಮೇಷ್ಟ್ರುಗಳು ಬೆಂಗಳೂರು ಒನ್ ಕೇಂದ್ರದ ಮುಂದೆ ಕೊಡೆ ಹಿಡಿದು ನಿಂತರು. ಶಿಬಿರದಲ್ಲಿ ಹೇಳಿದ ದತ್ತಾಂಶಪಾಲಕರೆಂದರೆ ಇವರೇ. ಸಂಬಳವಿಲ್ಲ, ಬದಲಿಗೆ ಶುಲ್ಕವನ್ನು ಇವರೇ ಕಟ್ಟತಕ್ಕದ್ದು.

ಇಲ್ಲಿ ಪೂರ್ವಪಕ್ಷಿಯು, ಹಿಂದಿನ ಕಾಲದಲ್ಲಿ ಶಾನುಭೋಗನಿದ್ದಾಗ ಎಲ್ಲವೂ ನೆಟ್ಟಗಿತ್ತಲ್ಲವೆ ಎಂದು ಆಕ್ಷೇಪಿಸಬಹುದು. ಇದ್ದಿಲಪುಡಿಯನ್ನೂ ಹುಣಿಸೆಬೀಜದ ಅಂಟನ್ನೂ ಬಳಿದು ಗಟ್ಟಿಮಾಡಿದ ಬಟ್ಟೆಯ ಕಡತದಲ್ಲಿ, ಬಳಪದಿಂದ ಬರೆದುಕೊಂಡು, ಊರಿನಲ್ಲಿ ಯಾರು ಸತ್ತರು, ಯಾರು ಪಾಲಾದರು, ಯಾವ ಬದುವನ್ನು ಯಾರು ಒತ್ತಿದರು ಎಂಬುದೆಲ್ಲವನ್ನೂ ಅವನು ಬಲ್ಲವನಾಗಿದ್ದನೆಂಬುದು ನಿಜ. ಆದರೆ ಬಳಪದ ಬರಹವನ್ನು ಒರಸಿ ಬರೆಯಲೂ ಬಹುದಷ್ಟೆ. ಯಾರ ಸಾಲು ಒರಸಿಹೋಗುತ್ತಿತ್ತು, ಯಾರದು ಉಳಿಯುತ್ತಿತ್ತು ಎಂಬುದು, ಯಾರ ಮನೆಯಿಂದ ಬೆಲ್ಲವೂ ಬೆಣ್ಣೆಯೂ ಹೋಗುತ್ತಿತ್ತೆಂಬುದನ್ನು ಅವಲಂಬಿಸಿತ್ತು. ವ್ಯವಹಾರಮೌಲ್ಯದ ಪ್ರಥಮಾಚಾರ್ಯನು ಅವನೇ. 1961ರ ಕಾಯಿದೆಯು ಗ್ರಾಮಾಧಿಕಾರಗಳನ್ನು ರದ್ದುಮಾಡಿದ್ದಕ್ಕೆ ನಾನು ಕಣ್ಣೀರಿಡುವವನಲ್ಲ.

ಬೇರೊಂದು ಉದಾಹರಣೆ ಇದಕ್ಕಿಂತ ವಿಚಾರಯೋಗ್ಯ. ಇದೇ ರಾಜ್ಯದಲ್ಲಿ, ಈ ಶತಮಾನದ ಆರಂಭದಲ್ಲಿ, ಭೂಮಿ ಎಂಬ ಯೋಜನೆಯಲ್ಲಿ, 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಏರಿಸಿದರು. ಕೈಬರಹದ ಪಹಣಿ ಇನ್ನು ನಡೆಯದೆಂದು ಸಾರಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಚಿಲ್ಲರೆ ಹಣಕ್ಕೆ ಅಚ್ಚಿನ ಪ್ರತಿಯನ್ನು ರೈತನ ಕೈಗೇ ಕೊಟ್ಟರು. ಒಂಬತ್ತನೆಯ ಕಾಲಮ್ಮಿನಲ್ಲಿ ತನ್ನ ಹೆಸರಿದೆಯೆ, ಹನ್ನೊಂದರಲ್ಲಿ ತಾನು ಮಾಡದ ಸಾಲವಿದೆಯೆ ಎಂಬುದನ್ನು ರೈತನು ಕಣ್ಣಾರೆ ನೋಡುವಂತಾದಾಗ, ತಿದ್ದುಪಡಿಗೆ ಬೇಡಿಕೆ ಬಂದಿತು. ಬ್ಯಾಂಕಿನ ಬೆಳೆಸಾಲಕ್ಕೆ ಅದೇ ಕಾಗದ ಬೇಕಾಗಿದ್ದುದರಿಂದ ತಿದ್ದುವುದಕ್ಕೆ ಬಲವೂ ಬಂದಿತು. ದೋಷಗಳು ಉಳಿಯಲಿಲ್ಲವೆಂದಲ್ಲ, ಲಕ್ಷಾಂತರ ಜಮೀನುಗಳು ಇನ್ನೂ ಸತ್ತವರ ಹೆಸರಿನಲ್ಲಿಯೇ ಇರುವುದರಿಂದ ಸರ್ಕಾರವು 2025ರಲ್ಲಿ ಇ-ಪೌತಿ ಆಂದೋಲನವನ್ನು ಕೈಗೊಳ್ಳಬೇಕಾಯಿತು. ಆದರೂ ದತ್ತಾಂಶವು ಯಾರದೋ ಅವನ ಕಣ್ಣಿಗೆ ಅದು ಬಿದ್ದಾಗ, ಅವನ ಬಾಯಿಗೆ ಕಿಟಕಿಯ ಈಚೆಗೆ ಬೆಲೆಯಿದ್ದಾಗ, ಗುಣವು ತಾನಾಗಿ ಏರುತ್ತದೆಂಬ ಸಂಗತಿಯು ಅಲ್ಲಿ ಸಿದ್ಧವಾಯಿತು. ಇದನ್ನು ಉಪದೇಶಕರ ಸ್ಲೈಡುಗಳಲ್ಲಿ ನಾನು ಕಾಣಲಿಲ್ಲ. ಇದರಲ್ಲಿ ಅವರಿಗೆ ಕೆಲಸವಿಲ್ಲವಾದ್ದರಿಂದ ಇರಬಹುದು.

ಮೌಲ್ಯವನ್ನು ಮುಂಚಿತವಾಗಿಯೇ ಅಳೆದು, ಇದು ತಿದ್ದಲು ಯೋಗ್ಯ, ಇದು ಅಯೋಗ್ಯ ಎಂದು ವಿಂಗಡಿಸಬಹುದೆಂಬುದೇ ಈ ಶಾಸ್ತ್ರದ ಮೂಲಸ್ತಂಭವಾದ್ದರಿಂದ, ಅದನ್ನು ಪರೀಕ್ಷಿಸೋಣ. ಮತದಾರರ ಪಟ್ಟಿಯಲ್ಲಿ ಒಂದು ಸಾಲಿನ ಮೌಲ್ಯವೆಷ್ಟು? ಲಕ್ಷಗಟ್ಟಲೆ ಹೆಸರುಗಳಿರುವ ಪಟ್ಟಿಯಲ್ಲಿ ಒಬ್ಬ ಮುದುಕನ ಹೆಸರು ಬಿಟ್ಟುಹೋದರೆ, ಮದುವೆಯಾಗಿ ಹೋದ ಮಗಳ ಹೆಸರು ಉಳಿದುಕೊಂಡರೆ, ಯಾವ ಗಣಿತದಲ್ಲಿಯೂ ಅದು ಶೂನ್ಯಕ್ಕೆ ಸಮೀಪ. ಬೂದಿ ಬಣ್ಣದ ಮನೆಗೆ ಅರ್ಹ. 2023ರ ಮೇ ತಿಂಗಳಿನಲ್ಲಿ ಜಯನಗರದ ವಿಧಾನಸಭಾ ಕ್ಷೇತ್ರವು ಮರುಎಣಿಕೆಯ ನಂತರ 16 ಮತಗಳ ಅಂತರದಿಂದ ನಿರ್ಣಯವಾಯಿತು. ಯಾವ ಪಕ್ಷಕ್ಕೆ ಒಳಿತಾಯಿತೆಂಬುದು ಇಲ್ಲಿ ಪ್ರಸ್ತುತವಲ್ಲ. ಆ ರಾತ್ರಿ ಪಟ್ಟಿಯ ಯಾವ ಹದಿನಾರು ಸಾಲುಗಳು ಮುಕ್ತಿಯೋಗ್ಯವಾಗಿದ್ದವೆಂಬುದನ್ನು, ಅದಕ್ಕೆ ಹಿಂದಿನ ಬೆಳಗ್ಗೆ, ಯಾವ ಆಚಾರ್ಯನು ಹೇಳಬಲ್ಲವನಾಗಿದ್ದ?

ಉಳಿದದ್ದು ತಮೋಯೋಗ್ಯಗಳು, ಎಂದರೆ ಕೆಳಗಿನ ಎಡಮನೆಯವು. ಇವನ್ನೂ ಲಕ್ಷಣ, ಪರೀಕ್ಷೆ, ನಿರ್ಣಯಗಳೆಂದು ವಿಭಾಗಿಸಿ ಬರೆಯಬೇಕೆಂದಿದ್ದೆ. ನಮ್ಮ ಬೀದಿಯ ಮನೆಗಳಲ್ಲಿ ಪಾತ್ರೆ ತಿಕ್ಕಿ ಬಟ್ಟೆ ಒಗೆಯುವ ಹೆಂಗಸೊಬ್ಬಳಿದ್ದಾಳೆ. ಇಷ್ಟು ವರ್ಷ ಸೋಪಿನ ಪುಡಿಯಲ್ಲಿ ನೆಂದೂ ನೆಂದೂ ಆಕೆಯ ಬೆರಳುಗಳ ಗೆರೆಗಳು ಅಳಿಸಿಹೋಗಿವೆ. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟನ್ನು ಒತ್ತಿದರೆ ತಾಳೆಯಾಗುವುದಿಲ್ಲ. ಸೀರೆಯ ಸೆರಗಿನಲ್ಲಿ ಒರಸಿ ಮತ್ತೆ ಒತ್ತುತ್ತಾಳೆ. ತಲೆಗೂದಲಿಗೆ ಉಜ್ಜಿ ಎಣ್ಣೆಯ ಪಸೆ ಮಾಡಿಕೊಂಡು ಮತ್ತೆ ಒತ್ತುತ್ತಾಳೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ಕಣ್ಣಿನ ಪಾಪೆಯಿಂದ ಗುರುತಿಸಬಹುದು, ಮೊಬೈಲಿಗೆ ಬರುವ ಓಟಿಪಿಯಿಂದ ಕೊಡಬಹುದು ಎಂಬ ಸುತ್ತೋಲೆಗಳು ಇಲ್ಲವೆಂದಲ್ಲ. ಆದರೆ ಕಾರ್ಡಿಗೆ ಸೇರಿರುವ ನಂಬರು ಆಕೆಯನ್ನು ಬಿಟ್ಟುಹೋದ ಗಂಡನದು, ಆ ಫೋನು ಎಲ್ಲಿದೆಯೋ ದೇವರೇ ಬಲ್ಲ. ನಾಳೆ ಬಾ ಎನ್ನುತ್ತಾರೆ. ನಾಳೆ ಹೋದರೆ ಎರಡು ಮನೆಯ ಕೆಲಸ ತಪ್ಪುತ್ತದೆ, ಆ ಎರಡು ಮನೆಯವರು ಸಂಬಳ ಹಿಡಿಯುತ್ತಾರೆ. ಆ ಎರಡು ಮನೆಗಳಲ್ಲಿ ಒಂದರ ಯಜಮಾನನು ಕಂಪ್ಯೂಟರಿನ ಮುಂದೆ ಕುಳಿತು, ದತ್ತಾಂಶದ ಗುಣಮಟ್ಟವನ್ನೇ ಸುಧಾರಿಸುವ ಉದ್ಯೋಗದಲ್ಲಿದ್ದಾನೆ. ಆತನೂ ಆ ಶಿಬಿರಕ್ಕೆ ಬಂದಿದ್ದ. ತಲೆದೂಗಿದವರಲ್ಲಿ ಅವನೂ ಒಬ್ಬ.

ಈ ಹೆಬ್ಬೆಟ್ಟಿನ ವ್ಯವಹಾರಮೌಲ್ಯವೆಷ್ಟು? ಆಕೆಯ ಪಾಲಿನ ಅಕ್ಕಿಯ ಬೆಲೆಯಷ್ಟೆ. ತಾಳೆಯಾಗದೆ ಹೋದ ಪ್ರತಿಯೊಂದು ಒತ್ತುವಿಕೆಯೂ ಸಂಸ್ಥೆಗೆ ನಷ್ಟವಲ್ಲ, ಉಳಿತಾಯ. ಕುಟುಂಬ ಪಿಂಚಣಿಯ ಕಾಗದದಲ್ಲಿ ಎಕ್ಸ್ ಎಂದೂ ಬ್ಯಾಂಕಿನಲ್ಲಿ ಕೆ-ಎಸ್-ಎಚ್ ಎಂದೂ ಇರುವ ವಿಧವೆಯ ಹಣ ನಿಂತರೆ, ನಿಂತಷ್ಟು ಕಾಲವೂ ಅದು ಬೇರೊಬ್ಬರ ಲೆಕ್ಕದಲ್ಲಿ ಉಳಿದಿರುತ್ತದೆ. ತಪ್ಪಿನಿಂದ ತನಗೆ ಲಾಭವಾಗುತ್ತಿರುವಾಗ ಆ ತಪ್ಪನ್ನು ತಿದ್ದುವ ಸಂಸ್ಥೆಯನ್ನು ನಾನು ಈ ಊರಿನಲ್ಲಿ ಕಂಡಿಲ್ಲ. ಈ ಊರಿನ ಹೊರಗೆ ಇದ್ದರೆ ಅದು ಸಂತೋಷ. ಮೌಲ್ಯವು ಯಾರಿಗೆ ಎಂಬ ಒಂದು ಮಾತನ್ನು ಕೇಳದೆ, ಚೌಕವನ್ನು ಬರೆದು, ಬಣ್ಣವನ್ನು ಬಳಿದು, ಕಪ್ಪುಕಾಫಿಯನ್ನು ಕುಡಿದು, ಲಕ್ಷಾಂತರ ರೂಪಾಯಿಗಳನ್ನು ಜೇಬಿಗಿಳಿಸಿ ವಿಮಾನ ಹತ್ತುವುದನ್ನು ಶಾಸ್ತ್ರವೆಂದು ಕರೆಯುವುದು ನನಗೆ ಸಾಧ್ಯವಿಲ್ಲ. ಅದು ವಂಚನೆ. ನೆಟ್ಟಗೆ ನಿಂತು ವಂಚಿಸುವವನಿಗೆ ಅಷ್ಟೊಂದು ಪರಿಭಾಷೆ ಬೇಕಾಗುವುದಿಲ್ಲ.

ಆದುದರಿಂದ ಪಂಚಸೋಪಾನಗಳ ಪಕ್ವತಾಮಾರ್ಗದ ನಿರೂಪಣೆಯನ್ನೂ, ಫಲಶ್ರುತಿಯನ್ನೂ ಇಲ್ಲಿ ಕೈಬಿಟ್ಟಿದ್ದೇನೆ. ಓದುಗರಲ್ಲಿ ಒಂದು ವಿಜ್ಞಾಪನೆ ಮಾತ್ರ ಉಂಟು. ನಿಮ್ಮ ಕರಡು ಖಾತಾವನ್ನು ನೀವು ಹೇಗೂ ತಿದ್ದಿಸಿಕೊಳ್ಳುತ್ತೀರಿ; ನಿಮಗೆ ಇಂಗ್ಲಿಷೂ ಬರುತ್ತದೆ, ಪರಿಚಯದವರೂ ಇದ್ದಾರೆ. ನಿಮ್ಮ ಮನೆಯಲ್ಲಿ ಪಾತ್ರೆ ತಿಕ್ಕುವವಳನ್ನು ಒಮ್ಮೆ ಕೂರಿಸಿಕೊಂಡು, ಆಕೆಯ ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು, ಹೆಸರೂ ಫೋನ್ ನಂಬರೂ ಒಂದೇ ಇವೆಯೇ ಎಂದು ಓದಿ ನೋಡಿ. ಇಲ್ಲದಿದ್ದರೆ ಆಧಾರ್ ಕೇಂದ್ರಕ್ಕೆ ನೀವೇ ಜೊತೆಗೆ ಹೋಗಿ, ಬೆರಳಿನ ಗುರುತನ್ನೂ ನಂಬರನ್ನೂ ಹೊಸದಾಗಿ ಸೇರಿಸಿಸಿ. ಆ ದಿನದ ಸಂಬಳವನ್ನು ಹಿಡಿಯಬೇಡಿ.